ಗಾದ್ರಮ್ಮನ ಹೊಸ ಕತೆ

“ಹೋದ ವರ್ಷದ ಈರುಳ್ಳಿ ತಂದುಕೊಟ್ರೆ ಮೂಗು ಮುಚ್ಕೋತೀರಿ. ಕತೆ ಮಾತ್ರ ಹಳೇದೇ ಬೇಕಾ? ವರ್ಷಾನುಗಟ್ಟಲೆ ಅದೇ ಕುರುಡು ರಾಣಿ, ಅದೇ ಕುದುರೆ. ನಾನೇ ಕಟ್ಟಿದ್ದು, ಇಲ್ಲ ಅನ್ನಲ್ಲ. ಹೇಳಿ ಹೇಳಿ ನನಗೇ ಸಾಕಾಗೈತೆ. ಟೀವೀಲೂ ಹಂಗೇ, ಹಳೇ ಸೀರೆಗೆ ಬಣ್ಣ ಹಾಕಿ ಹೊಸದು ಅಂತಾರೆ. ಈ ಸಲ ನನ್ನ ತಲೇಲಿ ಒಂದು ಹೊಸದು ಹುಟ್ಟೈತೆ ಕಣ್ರೇ. ಮೂವರು ಅಣ್ಣಂದಿರು ಹೊಲದ ಆಸೆಗೆ ತಂಗೀನ ಬಾವಿಗೆ ದಬ್ತಾರೆ. ಮೇಲಿಂದ ಕಲ್ಲೂ ಹಾಕ್ತಾರೆ. ಅವಳು ಸಾಯಲ್ಲ. ಹಗ್ಗ ಹಲ್ಲಾಗೆ ಕಚ್ಕೊಂಡು ಹತ್ತಾಕೆ ಶುರು ಮಾಡ್ತಾಳೆ. ಇದನ್ನ ಯಾರಿಗಾದ್ರೂ ಹೇಳದಿದ್ರೆ ನನ್ನ ಎದೆ ಒಡೀತೈತೆ.”

ಗಾದ್ರಮ್ಮ ಹಿಂಗೆ ಅಂದಿದ್ದು ಜಗಳೂರು ಕಡೆಯ ಒಂದು ಹೊಲದಾಗೆ. ಹೆಂಗಸರು ಸಾಲಾಗಿ ಕೂತು ಈರುಳ್ಳಿ ಗಡ್ಡೆಯಿಂದ ಸೊಪ್ಪು ಕೊಯ್ಯುತ್ತಿದ್ದರು. ಕೈಗೆ ಕುಡುಗೋಲು, ಕಿವಿಗೆ ಗಾದ್ರಮ್ಮನ ಕತೆ. ಅವಳು ಗಂಡನ್ನ ಕಳಕೊಂಡು ಕೂಲಿಗೆ ಬಂದಾಗಿನಿಂದ ಅದೇ ರೂಢಿ. ರೊಟ್ಟಿ ಬಡಿಯುತ್ತಾ ಕತೆ ಕಟ್ಟೋಳು, ಹೊಲಕ್ಕೆ ತರೋಳು.

“ಬಾವಿ ಗೀವಿ ಯಾಕಕ್ಕಾ? ಕುರುಡು ರಾಣೀನೇ ಚಂದ,” ಅಂದಳು ಪಕ್ಕದಾಗೆ ಕೂತ ನಾಗರತ್ನ. “ನೀನು ಹೇಳದಿದ್ರೆ ಬಿಡು, ಹೋದ ವರ್ಷ ರೆಕಾರ್ಡ್ ಮಾಡ್ಕೊಂಡಿದೀನಿ.” ಮೊಬೈಲು ತೆಗೆದು ಸೊಪ್ಪಿನ ಗುಡ್ಡೆ ಮೇಲಿಟ್ಟಳು. ಗಾದ್ರಮ್ಮನದೇ ದನಿ ಹೊರಗೆ ಬಂತು.

ಗಾದ್ರಮ್ಮ ಬಿಡಲಿಲ್ಲ, ದನಿ ಎತ್ತರಿಸಿ ಬಾವಿಯ ಕತೆ ಶುರುಮಾಡಿದಳು. ನಾಗರತ್ನ ಮೊಬೈಲಿನ ಸೌಂಡು ಜೋರು ಮಾಡಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು.

“ಸುಮ್ಕಿರಕ್ಕಾ, ಕತೆ ಕೇಳಾಕೆ ಬಿಡು!” ಅಂತ ಸಾಲಿನಾಗೆ ಒಬ್ಬಳು ಕೂಗಿದಳು.

ಗಾದ್ರಮ್ಮನ ಕುಡುಗೋಲು ಮೊಬೈಲಿನ ಮೇಲೆ ಬಿತ್ತು. ಗಾಜು ಸಿಡಿಯಿತು, ದನಿ ನಿಲ್ಲಲಿಲ್ಲ. ಗಾದ್ರಮ್ಮ ಹಾವು ಜಜ್ಜುವಂಗೆ ಜಜ್ಜಿದಳು. ದನಿ ಅರ್ಧ ಮಾತಿಗೇ ಸತ್ತಿತು.

ನಾಗರತ್ನ ಅವಳ ಜುಟ್ಟು ಹಿಡಿದು ಮುಖಾನ ಮಣ್ಣಿನ ಹೆಂಟೆಗೆ ಉಜ್ಜಿದಳು. ಗಾದ್ರಮ್ಮ ಅವಳ ಕೈ ಕಚ್ಚಿದಳು, ಬಾಯಿತುಂಬ ರಕ್ತ ಬರೋತನಕ. ನಾಗರತ್ನ ಕಾಲೆತ್ತಿ ಒದ್ದ ಏಟಿಗೆ ಗಾದ್ರಮ್ಮನ ಹಲ್ಲೊಂದು ಉದುರಿತು. ಗುಂಪಿನ ಹಿರಿಯಾಕೆ ಲಕ್ಷ್ಮಿದೇವಿ ಓಡಿಬಂದು ಇಬ್ಬರ ಕಪಾಳಕ್ಕೂ ಬಾರಿಸಿದಳು. “ಥೂ, ನಾಯಿಗಳಂಗೆ ಕಚ್ಚಾಡ್ತೀರಲ್ಲೇ!”

“ರಾಣಿಗೆ ಕಣ್ಣು ಬರೋ ಹೊತ್ತಿಗೇ ಒಡೆದು ಹಾಕಿದ್ಯಲ್ಲ,” ಅಂತ ಒಬ್ಬಳು ರೇಗಿದಳು. “ಮುಂದಿಂದು ನೀನೇ ಹೇಳು ಈಗ.”

ಗಾದ್ರಮ್ಮ ರಕ್ತ ಉಗಿದಳು. “ರಾಣಿ ಸತ್ಲು. ಕುದುರೇನೂ ಸತ್ತೋಯ್ತು.”

ಹೆಂಗಸರು ಮುಖ ತಿರುಗಿಸಿ ಸಾಲನ್ನೇ ದೂರಕ್ಕೆ ಎಳಕೊಂಡು ಹೋದರು. ಹತ್ತಿರ ಉಳಿದಿದ್ದು ನಾಗರತ್ನ, ಅವಳ ಕೈಗೆ ಸೆರಗು ಹರಿದು ಕಟ್ಟುತ್ತಿದ್ದ ಲಕ್ಷ್ಮಿದೇವಿ ಇಬ್ಬರೇ. ಗಾದ್ರಮ್ಮ ಊದಿದ ತುಟಿಯಲ್ಲೇ ಮತ್ತೆ ಮೊದಲಿಂದ ಹಿಡಿದಳು. ಅಣ್ಣಂದಿರು ದಬ್ಬಿದರು, ಕಲ್ಲು ಹಾಕಿದರು, ತಂಗಿ ಹಗ್ಗ ಕಚ್ಚಿದಳು. ಯಾರ ಕಡೇಗೂ ನೋಡಲಿಲ್ಲ.

“ಹಗ್ಗ ಕಚ್ಚಿದ್ರೆ ಹಲ್ಲು ಉಳೀತಾವಾ ಆ ತಂಗಿಗೆ?” ಅಂದಳು ನಾಗರತ್ನ, ಇನ್ನೂ ಸಿಟ್ಟಲ್ಲೇ.

“ಒಂದು ನೀನೇ ಉದುರಿಸಿದ್ಯಲ್ಲೇ,” ಅಂದಳು ಗಾದ್ರಮ್ಮ.

ನಾಗರತ್ನ ನಗಲಿಲ್ಲ. “ಮೇಲೆ ಬಂದು ಅಣ್ಣಂದಿರನ್ನ ಏನ್ ಮಾಡ್ತಾಳೆ?”

“ದೊಡ್ಡೋನು ಮಲಗಿರ್ತಾನೆ...” ಅಂತ ಗಾದ್ರಮ್ಮ ಮುಂದುವರಿಸಿದಳು. ನಾಗರತ್ನ ಗಾಯವಿಲ್ಲದ ಕೈಲಿ ಈರುಳ್ಳಿ ಅವಳ ಕಡೆ ತಳ್ಳುತ್ತಾ ಹೋದಳು, ಗಾದ್ರಮ್ಮ ಕತೆ ಹೇಳುತ್ತಲೇ ಸೊಪ್ಪು ಕೊಯ್ದು ಗಡ್ಡೆಗಳನ್ನ ಬುಟ್ಟಿಗೆ ಹಾಕುತ್ತಾ ಹೋದಳು.