ಮೇರಿಬಾಯಿಯ ಕೆರೆ

ಊಟಿಯ ಕೆರೆ ದಂಡೆಯಿಂದ ಹಿಡಿದು ದಿಬ್ಬದ ಮೇಲಿನ ಚರ್ಚಿನವರೆಗೆ, ಒಂದಿಡೀ ದಿನ, ನಾನು ನಮ್ಮ ಅತ್ತೆಗೆ ಇಂಗ್ಲಿಷಿನಿಂದ ಓದಿ ಹೇಳಿದ್ದೆಲ್ಲ ಸುಳ್ಳು. ಒಂದು ವಾಕ್ಯವೂ ಖರೆಯಲ್ಲ. ಅಕ್ಷರಗಳ ಗುರುತು ನನಗಿತ್ತು, ಆದರೆ ಅವು ಸಾಲಾಗಿ ನಿಂತು ಏನು ಹೇಳುತ್ತವೆ ಎಂಬುದು ಅಂದೂ ತಿಳಿಯುತ್ತಿರಲಿಲ್ಲ, ಇಂದೂ ಅಷ್ಟಕ್ಕಷ್ಟೇ. ಆ ದಿನ ನೆನಪಾದರೆ ಈಗಲೂ ಮೈಯಲ್ಲಿ ಹುರುಪು ಏಳುತ್ತದೆ — ನನಗೆ ಹೆಚ್ಚು ನಾಚಿಕೆಯಾಗುವುದು ಅದಕ್ಕೇ.

ಭಾಲ್ಕಿಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ. ಮಾವ ತೀರಿದ ಮೇಲೆ ಅತ್ತೆ ಗುರಮ್ಮನವರೇ ಗಲ್ಲಾ ಪೆಟ್ಟಿಗೆಯ ಹಿಂದೆ ಕೂತು ನಡೆಸಿದ ಅಂಗಡಿ. ಅವರ ಗಂಡುಮಕ್ಕಳಿಬ್ಬರಿಗೂ ಹೊಲವೇ ಜೀವ. ಅಂಗಡಿಯಲ್ಲಿ ಕೂರಿಸಿದರೆ ಗಿರಾಕಿಯ ಮುಂದೆಯೇ ತೂಕಡಿಸುವ ಜನ. ಹಿರಿಯವನ ಹೆಂಡತಿ ನಾನು, ಶೋಭಾ, ಭಾತಂಬ್ರಾದವಳು. ಕಿರಿಯವನ ಹೆಂಡತಿ ಸುನೀತಾ, ಔರಾದಿನವಳು. ಅವಳು ಓದಿದ್ದು ಅಲ್ಲಿಯ ಮರಾಠಿ ಶಾಲೆಯಲ್ಲಿ. ಬೆಳೆದದ್ದು ಅಪ್ಪನ ಬಟ್ಟೆ ಅಂಗಡಿಯ ಗಾದಿಯ ಮೇಲೆ. ಕಣ್ಣು ಮುಚ್ಚಿ ಬೆರಳಲ್ಲಿ ಉಜ್ಜಿ, ಇದು ಇಂಥ ಬಟ್ಟೆ, ಒಗೆದರೆ ಇಷ್ಟು ಕುಗ್ಗುತ್ತದೆ ಎನ್ನುವವಳು.

ಅತ್ತೆಗೆ ಮೊಣಕಾಲು ನೋವು ಶುರುವಾಗಿತ್ತು. ಒಂದು ದಿನ ಊಟಕ್ಕೆ ಕೂತಾಗ ಹೇಳಿದರು: "ಇನ್ನ ನನ್ನ ಕೈಲಾಗಲ್ಲ. ನಿಮ್ಮಿಬ್ಬರಾಗ ಒಬ್ಬಾಕಿ ಅಂಗಡ್ಯಾಗ ಕೂಡಬೇಕು. ಕಂಪನಿ ಕಾಗದ ಎಲ್ಲಾ ಇಂಗ್ಲಿಷಿನ್ಯಾಗ ಬರ್ತಾವ, ಓದಾಕಿ ಬೇಕು. ಊಟಿ ನೋಡ್ಕೊಂಡ ಬಂದ ಮ್ಯಾಲ ಹೇಳ್ತೇನಿ."

ಸುನೀತಾ ರೊಟ್ಟಿ ಬಡಿಯುವ ಕೈ ನಿಲ್ಲಿಸಿದ್ದಳು. ಅವಳ ಮುಖ ಎಷ್ಟು ಅರಳಿತ್ತು ಎಂದರೆ — ನಾನು ನೋಡಿದೆ, ನೋಡಿಯೂ ನನಗೆ ಏನೂ ಅನ್ನಿಸಲಿಲ್ಲ. ನನಗೂ ಆ ಗಾದಿ ಬೇಕಿತ್ತು. ಒಲೆ, ಹೊಗೆ, ಹಿಟ್ಟು ಬಿಟ್ಟು ಇಸ್ತ್ರಿ ಸೀರೆ ಉಟ್ಟು ಬಜಾರಿನಲ್ಲಿ ಕೂತು "ಬರ್ರೀ ಅಕ್ಕೋರ" ಎನ್ನಬೇಕೆಂಬ ಆಸೆ. ಮದುವೆ ಮಾತಾಡುವಾಗ ನಮ್ಮ ಸೋದರಮಾವ, ಹುಡುಗಿಗೆ ಇಂಗ್ಲಿಷ್ ಪಟಪಟ ಬರುತ್ತದೆ ಎಂದು ಒಂದು ಮಾತು ತೇಲಿಬಿಟ್ಟಿದ್ದ. ಪಿಯುಸಿಯಲ್ಲಿ ನಾನು ಡುಮ್ಕಿ ಹೊಡೆದದ್ದೇ ಇಂಗ್ಲಿಷಿನಲ್ಲಿ. ಆದರೆ ಅತ್ತೆ ಆ ಮಾತನ್ನು ನಂಬಿದ್ದರು, ನಾನು ಅದನ್ನು ಹಾಗೇ ಇರಗೊಟ್ಟಿದ್ದೆ.

ಊಟಿಗೆ ನಾಲ್ಕಾರು ಮನೆಯವರು ಸೇರಿ ಬಸ್ಸು ಮಾಡಿಕೊಂಡು ಹೋದೆವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎರಡು ಡಬ್ಬಿ ಉಂಡಿ. ಎರಡನೆಯ ದಿನ ಉಳಿದವರೆಲ್ಲ ಚಹಾ ತೋಟ ನೋಡಲು ಹೋದರು. ಅತ್ತೆಗೆ ಅಷ್ಟು ದೂರ ಬಸ್ಸಿನಲ್ಲಿ ಆಗುವುದಿಲ್ಲ ಎಂದು ನಾವು ಮೂವರು ಉಳಿದೆವು. ಲಾಡ್ಜಿನವನು ಒಂದು ಮಡಚಿದ ಕಾಗದ ಕೊಟ್ಟ — ಊರಿನ ನಕಾಶೆ, ಅದರ ಮೇಲೆ ನಂಬರುಗಳು, ಪ್ರತಿ ನಂಬರಿಗೂ ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಗೈಡು ಬೇಕಿಲ್ಲ, ನಂಬರು ಹಿಡಿದು ನಡೆಯುತ್ತ ಇಂಗ್ಲಿಷರ ಕಾಲದ ಊರನ್ನು ನೀವೇ ನೋಡಿಕೊಂಡು ಬರಬಹುದು ಎಂದ.

ಅತ್ತೆ ಕಾಗದ ಇಸಿದುಕೊಂಡು ನೇರ ನನ್ನ ಕೈಗೆ ಕೊಟ್ಟರು. "ಓದು ಶೋಭಾ."

ಮೊದಲ ನಂಬರು ಕೆರೆ. ಮಂಜು ಆಗತಾನೆ ಏಳುತ್ತಿತ್ತು. ನೀರು ಕಂಡರೆ ಸಾಕು, ಬೀದರ್ ಕಡೆಯವರಾದ ನಮಗೆ ಎದೆ ತುಂಬುತ್ತದೆ. ಕಾಗದ ನೋಡಿದೆ, ಏನೂ ತಿಳಿಯಲಿಲ್ಲ. ಅತ್ತೆ ಕಾಯುತ್ತಿದ್ದಾರೆ. ಸುನೀತಾ ನನ್ನ ಭುಜದ ಹಿಂದಿನಿಂದ ಇಣುಕುತ್ತಿದ್ದಾಳೆ. ಆಗ ಬಾಯಿ ತಾನೇ ತೆರೆಯಿತು — ನಾನು ತೆರೆಯಲಿಲ್ಲ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ, ನಾನೇ ತೆರೆದೆ.

"ಒಬ್ಬ ಇಂಗ್ಲಿಷ್ ಸಾಹೇಬ ಇದ್ದನಂತ್ರಿ ಅತ್ತಿ. ಅವನ ಹೇಣ್ತಿ ಹೆಸರು ಮೇರಿ. ತವರೂರು ನೆನಸಿ ದಿನಾ ಅಳತಿದ್ದಳಂತ. ಅವಳೂರಾಗ ಒಂದು ಕೆರಿ ಇತ್ತು. ಅಂಥಾದ ಕೆರಿ ಇಲ್ಲಿ ಕಟ್ಟಿಸಿ ಕೊಟ್ಟನಂತ, ಅಳಬ್ಯಾಡ ಅಂತ."

ಅತ್ತೆಯ ಕಣ್ಣು ತುಂಬಿಬಂತು. "ಅಯ್ಯ ನನ ಮಗಳ! ಎಲ್ಲಿಂದ ಎಲ್ಲಿಗಿ ಕೊಟ್ಟಿದ್ರೋ ಮೇರಿಬಾಯಿಗಿ!"

ಅಷ್ಟು ಸಾಕಾಯಿತು ನನಗೆ. ಎರಡನೆಯ ನಂಬರಿನ ಬಂಗಲೆ ಮೇರಿಬಾಯಿ ಇದ್ದ ಮನೆಯಾಯಿತು. ಮೂರನೆಯದು ಅವಳಿಗೆ ಕನ್ನಡ ಕಲಿಸಿದ ಮುದುಕಿಯ ಮನೆ. ಹಳೆಯ ಲೈಬ್ರರಿ ಅವಳು ತವರಿಗೆ ಪತ್ರ ಬರೆಯುತ್ತಿದ್ದ ಜಾಗ. ಕೆಂಪು ಗೋಡೆ, ಉದ್ದ ಕಿಟಕಿ, ಗುಲಾಬಿ ಬೇಲಿ — ಏನು ಕಂಡರೂ ಅದು ಮೇರಿಬಾಯಿಯ ಬದುಕಿಗೆ ಬಂದು ಕೂತುಬಿಡುತ್ತಿತ್ತು. ಮೊಣಕಾಲು ನೋವಿನ ಅತ್ತೆ ಹುಡುಗಿಯಂತೆ ಮುಂದೆ ಮುಂದೆ ನಡೆದರು. "ಮುಂದಿನ ನಂಬರು ಎಲ್ಲದ? ಲಗೂ ಬರ್ರಿ!" ನನಗೂ ಕಾಲು ನೆಲದ ಮೇಲಿರಲಿಲ್ಲ. ಆ ಊರನ್ನು ನಾನೇ ಕಟ್ಟುತ್ತಿದ್ದೇನೆ ಅನ್ನಿಸುತ್ತಿತ್ತು. ಆ ಮೊದಲು ನನ್ನ ಮಾತನ್ನು ಯಾರೂ ಅಷ್ಟು ಬಾಯಿ ಬಿಟ್ಟು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಸುನೀತಾ ಮಾತ್ರ ಒಂದೊಂದು ಕಡೆ ನನ್ನ ಮುಖ ನೋಡುತ್ತಿದ್ದಳು. ಮತ್ತೆ ಕಾಗದ ನೋಡುತ್ತಿದ್ದಳು.

ಕೊನೆಯ ನಂಬರು ಚರ್ಚು. ಒಳಗೆ ತಂಪು, ಕತ್ತಲೆ. ತಲೆಯ ಮೇಲೆ ದಪ್ಪ ದಪ್ಪ ಮರದ ತೊಲೆಗಳು. ಮೇರಿಬಾಯಿ ಮದುವೆಯಾದದ್ದು ಇಲ್ಲೇ ಎಂದು ನಾನು ಶುರು ಮಾಡಿದ್ದೆ. ಸುನೀತಾ ಕತ್ತೆತ್ತಿ ತೊಲೆಗಳನ್ನೇ ನೋಡುತ್ತಿದ್ದಳು. ಖುಷಿ ತಡೆಯಲಾಗದೆ ನನ್ನ ಕಡೆ ತಿರುಗಿ ಅಂದುಬಿಟ್ಟಳು: "ಅಕ್ಕಾ, ಅತ್ತಿಗಿ ಇದನ್ನೂ ಹೇಳ್ರಿ. ಈ ತೊಲಿ ಶ್ರೀರಂಗಪಟ್ಟಣದ ಅರಮನಿದಂತ್ರಿ. ಅಲ್ಲಿ ಕೆಡವಿ ಇಲ್ಲಿಗಿ ತಂದು ಹಾಕ್ಯಾರಂತ. ಕಾಗದದಾಗ ಬರದಾರ ನೋಡ್ರಿ."

ಅವಳಿಗೆ ಓದಲು ಬರುತ್ತದೆ! ಬೆಳಗಿನಿಂದ ಬರುತ್ತಿತ್ತು! ಒಂದು ಗಳಿಗೆ, ಒಂದೇ ಗಳಿಗೆ — ಹೌದಲ್ಲ, ಆ ಸಾಲು ನಾನು ಬಿಟ್ಟುಬಿಟ್ಟಿದ್ದೆ ಅನ್ನಬಹುದಿತ್ತು. ಗಾದಿ ಕಣ್ಣ ಮುಂದೆ ಬಂತು. ನಾನು ಜೋರಾಗಿ ನಕ್ಕೆ.

"ಅರಮನಿ ತೊಲಿ ಚರ್ಚಿಗಿ ತರತಾರೇನ? ಕೇಳ್ರಿ ಅತ್ತಿ ನಿಮ್ಮ ಸಣ್ಣ ಸೊಸಿ ಮಾತ! ಮರಾಠಿ ಸಾಲ್ಯಾಗ ಕಲತಾಕಿಗಿ ಇಂಗ್ಲಿಷ್ ಎಲ್ಲಿಂದ ಬರಬೇಕು? ಸುಮ್ಮ ಇರು ನೀ."

ಅತ್ತೆಯೂ ನಕ್ಕರು. ಯಾಕೆ ನಗಬಾರದು? ಹೆಂಡತಿಯ ಅಳು ನಿಲ್ಲಿಸಲು ಗಂಡ ಕೆರೆ ಕಟ್ಟಿಸಿದ ಎಂಬುದು ಖರೆ ಅನ್ನಿಸುತ್ತದೆ. ನಮ್ಮ ರಾಜ್ಯದ ಅರಮನೆಯ ಮರ ಬಿಚ್ಚಿ ಬೆಟ್ಟ ಹತ್ತಿಸಿದರು ಎಂದರೆ ಯಾರು ನಂಬುತ್ತಾರೆ? ಸುನೀತಾಳ ಕತ್ತು ಮೆಲ್ಲಗೆ ಕೆಳಗಿಳಿಯಿತು. ಅವಳು ಸೆರಗು ಸರಿಮಾಡಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಭಾಲ್ಕಿ ಮುಟ್ಟಿದ ಮರುದಿನ ಅತ್ತೆ ಅಂಗಡಿಯ ಕೀಲಿಗೊಂಚಲನ್ನು ನನ್ನ ಸೊಂಟಕ್ಕೆ ಸಿಗಿಸಿದರು.

ಇಷ್ಟೇ ಆಗಿದ್ದರೆ — ಇಲ್ಲ, ಇಷ್ಟೂ ಸಣ್ಣದಲ್ಲ. ಆದರೆ ಮುಂದಿನದು ಇದಕ್ಕಿಂತ ಕೆಟ್ಟದ್ದು.

ಅಂಗಡಿಗೆ ಮೊದಲ ಇಂಗ್ಲಿಷ್ ಪತ್ರ ಬಂದಾಗ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದೆ. ಅಡುಗೆಮನೆಯಲ್ಲಿ ನೀರು ಕುಡಿಯುವ ನೆವದಲ್ಲಿ ಬಿಚ್ಚಿ ನೋಡುತ್ತ ನಿಂತೆ. ಸುನೀತಾ ಪುಂಡಿ ಪಲ್ಯ ಮಾಡುತ್ತಿದ್ದಳು. ಒಂದು ಸಲ ಕಾಗದದ ಮೇಲೆ ಕಣ್ಣಾಡಿಸಿ, ಮತ್ತೆ ಒಲೆಯ ಕಡೆ ತಿರುಗಿ ಹೇಳಿದಳು: "ಹೋದ ಸಲದ ಮಾಲಿನ್ಯಾಗ ಬಣ್ಣ ಬಿಡೋ ಸೀರಿ ಇದ್ರ ವಾಪಸ್ ಕಳಸ್ರಿ ಅಂದಾರ ಅಕ್ಕಾ. ಈ ತಿಂಗಳದಾಗ."

ಅಷ್ಟೇ. ಟೀಕೆಯಿಲ್ಲ, ಚುಚ್ಚುಮಾತಿಲ್ಲ. ಅಪ್ಪನ ಅಂಗಡಿಯಲ್ಲೂ ಇಂಥ ಕಾಗದ ಓದಿಯೇ ಬೆಳೆದವಳಿರಬೇಕು. ಅಂದಿನಿಂದ ಪ್ರತಿ ಪತ್ರವೂ ಆ ಅಡುಗೆಮನೆಗೆ ಬಂತು. ಅವಳು ಹಿಟ್ಟಿನ ಕೈಯಲ್ಲೇ ಓದಿ ಹೇಳುವುದು, ನಾನು ಅಂಗಡಿಗೆ ಹೋಗಿ ಎಲ್ಲ ತಿಳಿದವಳಂತೆ ಕೂರುವುದು. ಊರಲ್ಲಿ ನನಗೆ ಹೆಸರು ಬಂತು. ಅವಳಿಗೆ ಬಂದದ್ದು ಕಣ್ಣುರಿ ಮತ್ತು ಬೆನ್ನುನೋವು. ಇಬ್ಬರ ನಡುವೆ ಈ ವಿಷಯ ಒಂದು ಸಲವೂ ಬಾಯಿಗೆ ಬರಲಿಲ್ಲ. ಅವಳ ಮೌನವನ್ನು ಒಪ್ಪಿಗೆ ಎಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಅತ್ತ ಅತ್ತೆಯ ಬಾಯಲ್ಲಿ ಮೇರಿಬಾಯಿ ಭಾಲ್ಕಿಯವಳೇ ಆಗಿಬಿಟ್ಟಿದ್ದಳು. ಮದುವೆ ಮನೆಯಲ್ಲಿ ಮದುಮಗಳು ಅತ್ತರೆ, "ಮೇರಿಬಾಯಿ ಎಷ್ಟು ದೂರದಾಕಿ ಗೊತ್ತೇನು?" ಎಂದು ಶುರು ಮಾಡುತ್ತಿದ್ದರು. ಇಂಥ ಕಥೆ ಕೇಳಿಯೇ ಬೆಳೆದ ಸುನೀತಾಳ ಮಗಳು ಪಲ್ಲವಿ ಈಗ ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ದೊಡ್ಡಮ್ಮಾ, ಅಜ್ಜಿ ಹೇಳೋ ಮೇರಿಬಾಯಿ ಫೋನಿನ್ಯಾಗ ಎಲ್ಲೂ ಸಿಗವಲ್ಲಳು ನೋಡ್ರಿ. ಆದ್ರ ಆ ಚರ್ಚಿನ ತೊಲಿ ಶ್ರೀರಂಗಪಟ್ಟಣದ ಅರಮನಿದಂತ!"

ನಾನು ಸುನೀತಾಳ ಕಡೆ ನೋಡಿದೆ. ಸುನೀತಾ ತಿರುಗಿಯೂ ನೋಡದೆ ಮಗಳಿಗೆ ಅಂದಳು: "ಹಳೀ ಮಂದಿ ಕತಿ ಎಲ್ಲಾ ಫೋನಿನ್ಯಾಗ ಸಿಗತಾವೇನು? ಹೋಗು, ಓದ್ಕೋ."

ಇಷ್ಟು ವರ್ಷಗಳ ಮೇಲೂ ಅವಳು ನನ್ನ ಮಾನವನ್ನೇ ಕಾಯುತ್ತಿದ್ದಳು. ಆಗ ನನಗೆ ಅಳು ಬಂತು. ಅಲ್ಲಿ ಅಳಲೂ ಮುಖವಿಲ್ಲದೆ ಹಿತ್ತಲಿಗೆ ಹೋದೆ.

ಅದೇ ಪಲ್ಲವಿ ಬೀದರ್ ಹಳೇ ಊರನ್ನು ನಡೆದು ನೋಡುವಂಥದ್ದೊಂದು ನಕಾಶೆಯನ್ನು ಫೋನಿನಲ್ಲಿ ಹುಡುಕಿದಳು. ಊಟಿಯದ್ದರ ಹಾಗೇ ನಂಬರು, ಹಾಗೇ ಇಂಗ್ಲಿಷ್. ಅತ್ತೆಗೆ ಫೋನಿನ ಮೇಲೆ ನಂಬಿಕೆಯಿಲ್ಲ, ಕಾಗದವೇ ಬೇಕು. ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿಕೊಟ್ಟಳು. ಅವಳಿಗೆ ಪರೀಕ್ಷೆ, ಬರಲಿಲ್ಲ. ಭಾನುವಾರ ಮತ್ತೆ ನಾವೇ ಮೂವರು. ಬಸ್ಸಿನಲ್ಲಿ ಅತ್ತೆಯ ಸಂಭ್ರಮ ಹೇಳತೀರದು. ಚೌಬಾರಾದ ಗುಂಡು ಗೋಪುರದ ಕೆಳಗೆ ಜಿಲೇಬಿ ತಿಂದೆವು. ಅಲ್ಲಿಂದ ನಾಲ್ಕು ಹೆಜ್ಜೆಗೆ ಹಳೇ ಮದರಸಾ. ಅದರ ನೀಲಿ ಹೆಂಚಿನ ಬಿಲ್ಲೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಅತ್ತೆ ಕಟ್ಟೆಯ ಮೇಲೆ ಕೂತು, ಕಾಗದವನ್ನು ನನ್ನ ಕಡೆ ಚಾಚಿದರು.

"ಓದು ಶೋಭಾ."

ಹೊಸ ಮೇರಿಬಾಯಿಯೊಬ್ಬಳು ನಾಲಿಗೆಯ ತುದಿಯಲ್ಲೇ ಇದ್ದಳು, ಸುಳ್ಳು ಹೇಳುವುದಿಲ್ಲ. ಕಾಗದ ತೆಗೆದುಕೊಂಡು ಸುನೀತಾಳ ಕೈಗಿಟ್ಟೆ.

"ಅತ್ತಿ, ನನಗ ಇಂಗ್ಲಿಷ್ ಬರಲ್ರಿ. ಆವತ್ತೂ ಬರತಿದ್ದಿಲ್ಲ. ಊಟ್ಯಾಗ ನಾ ಓದಿದ್ದೆಲ್ಲಾ ನಾನೇ ಹುಟ್ಟಿಸಿದ್ದು. ತೊಲಿ ಮಾತು ಖರೇ ಇತ್ತು. ಅಂಗಡಿ ಕಾಗದ ಎಲ್ಲಾ ಇಷ್ಟು ವರ್ಷ ಸುನೀತಾನೇ ಓದ್ಯಾಳ್ರಿ. ಆ ಗಾದಿ ಅವಳದಿತ್ತು."

ಅತ್ತೆ ಕೇಳಿದ್ದು ಅಂಗಡಿಯ ಮಾತಲ್ಲ.

"ಹಂಗಾದ್ರ ಮೇರಿಬಾಯಿ?"

"ಇದ್ದಿಲ್ಲರಿ ಅತ್ತಿ."

ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. ಸುನೀತಾಳ ಕಡೆ ತಿರುಗಿ, "ನೀ ಯಾಕ ಸುಮ್ಮಿದ್ದಿ ಇಷ್ಟು ವರ್ಷ?" ಎಂದರು.

"ಯಾರೂ ಓದು ಅನ್ನಲಿಲ್ಲರಿ," ಎಂದಳು ಸುನೀತಾ.

ಕಾಗದ ಬಿಚ್ಚಿದಳು. ಮೊದಲ ಸಾಲನ್ನು ಬೆರಳಿಟ್ಟು ನಿಧಾನ ಓದಿದಳು. ಆಮೇಲೆ ನೀರು ಹರಿದಂತೆ ಓದಿದಳು — ಒಂದು ಕಾಲದಲ್ಲಿ ಇಲ್ಲಿ ಬಾರೂದು ಸಿಡಿದು ಅರ್ಧ ಕಟ್ಟಡವೇ ಬಿದ್ದುಹೋಯಿತಂತೆ. ಅತ್ತೆ ಹುಟ್ಟಿದ ಮನ್ನಳ್ಳಿ ಅಲ್ಲಿಂದ ಎಷ್ಟು ಮಹಾ ದೂರ? ಹುಡುಗಿಯಾಗಿದ್ದಾಗಿನಿಂದ ನೋಡಿದ ಗೋಡೆಯನ್ನು ಆವತ್ತು ಮೊದಲ ಸಲ ನೋಡುವವರಂತೆ ಎದ್ದು ನಿಂತು ನೋಡಿದರು. ನಾನು ಕಟ್ಟಿದ ಯಾವ ಕಥೆಯೂ ಅವರನ್ನು ಹಾಗೆ ಎಬ್ಬಿಸಿ ನಿಲ್ಲಿಸಿರಲಿಲ್ಲ. ನನ್ನ ಜೊತೆ ಅವರು ಆ ದಿನ ಮತ್ತೆ ಮಾತಾಡಲಿಲ್ಲ. ಮುಂದಿನ ನಂಬರುಗಳಿಗೆ ಅವರಿಬ್ಬರೂ ಮುಂದೆ, ನಾನು ಹಿಂದೆ.

ಸೋಮವಾರ ಬೆಳಗ್ಗೆ ಕೀಲಿಗೊಂಚಲನ್ನು ಸುನೀತಾಳ ಮುಂದಿಟ್ಟೆ. ಬೇಡ ಎನ್ನುತ್ತಾಳೆಂದು ಒಳಗೊಳಗೇ ಕಾದಿದ್ದೆ — ಇದನ್ನೂ ಒಪ್ಪಿಕೊಳ್ಳಲೇಬೇಕು. ಅವಳು ಬೇಡ ಅನ್ನಲಿಲ್ಲ. ತಗೊಂಡು ಸೊಂಟಕ್ಕೆ ಸಿಗಿಸಿ ಹೋದಳು. ಅವಳ ತಲೆಗೂದಲಲ್ಲಿ ಬಿಳಿ ಎಷ್ಟಿದೆ ಎಂದು ಆಗ ಗಮನಿಸಿದೆ. ಕೀಲಿ ಕೊಡಬಹುದು. ಅವಳು ಆ ಗಾದಿಯ ಮೇಲೆ ಕೂರಬೇಕಾಗಿದ್ದ ವಯಸ್ಸನ್ನು ಎಲ್ಲಿಂದ ತಂದುಕೊಡಲಿ?

ಮಧ್ಯಾಹ್ನ ನಾನೇ ಪಲ್ಯ ಮಾಡಿ ಬುತ್ತಿ ಕಟ್ಟಿಕೊಂಡು ಅಂಗಡಿಗೆ ಹೋದೆ. ಗಿರಾಕಿಗಳು ಹೋದ ಮೇಲೆ ಅವಳು ಡಬ್ಬಿ ಬಿಚ್ಚಿ ಒಂದು ತುತ್ತು ತಿಂದಳು. ನನ್ನ ಮುಖ ನೋಡಿದಳು, ಆ ಚರ್ಚಿನಲ್ಲಿ ತೊಲೆ ನೋಡಿ ನನ್ನ ಕಡೆ ತಿರುಗಿದ್ದಳಲ್ಲ, ಹಾಗೇ.

"ಅಕ್ಕಾ, ಪಲ್ಯಕ್ಕ ಉಪ್ಪು ಭಾಳ ಆಗ್ಯಾದ."

"ಹೌದು ಸುನೀತಾ," ಎಂದೆ. "ಆಗ್ಯಾದ."