ಪುರೋಹಿತರ ದಪ್ಪ ದನಿ

ಕಾಶಿಯ ಹನುಮಾನ್ ಘಾಟಿನ ನಮ್ಮ ಪುರೋಹಿತರದು ಕೀರಲು ದನಿ. ಅವರ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ನನಗೆ ಅದನ್ನು ಅಣಕಿಸುವ ವಿದ್ಯೆಯೂ ಬರುತ್ತಿತ್ತು. ಕರ್ನಾಟಕದಿಂದ ಫೋನ್ ಮಾಡುವ ಯಾತ್ರಿಕರು, "ಅಮ್ಮಾ, ಶಾಸ್ತ್ರಿಗಳಿಗೆ ಕೊಡಿ" ಎನ್ನುತ್ತಿದ್ದರು; ಶ್ರಾದ್ಧಗಳೆಲ್ಲ ಪಕ್ಕದ ಮನೆಯ ಪುರೋಹಿತರ ಪಾಲಾಗತೊಡಗಿದವು. ಕೊನೆಗೆ ಅವರ ಡೆಸ್ಕ್‌ಟಾಪಿಗೆ ದನಿ ಬದಲಿಸುವ ಸಾಫ್ಟ್‌ವೇರ್ ಹಾಕಿ, ಕರೆಗಳೆಲ್ಲ ಅಲ್ಲಿಂದಲೇ ಹೋಗುವಂತೆ ಮಾಡಿದೆ. ಅವರು ಜನಿವಾರ ಸರಿಮಾಡಿಕೊಂಡು, ಮೈಕಿಗೊಮ್ಮೆ ಕೆಮ್ಮಿ, "ಇನ್ನೊಂಚೂರು ಇಳಿಸಪ್ಪ" ಎನ್ನುವರು. ಇಳಿಸಿ ಇಳಿಸಿ ದನಿ ಬಾವಿಯ ತಳ ಮುಟ್ಟಿತು.

ಆ ದನಿ ನಂಬಿ ಮೊದಲು ಬಂದವರು ತಂದೆಯ ಶ್ರಾದ್ಧಕ್ಕೆಂದು ಬಂದ ಧಾರವಾಡದವರು. ಪುರೋಹಿತರು "ಬನ್ನಿ" ಎಂದು ಕೀರಲು ದನಿಯಲ್ಲಿ ಕರೆದದ್ದೇ ತಡ, ಧಾರವಾಡದವರು "ಫೋನ್‌ನಾಗ ಮಾತಾಡಿದ ನಿಮ್ಮ ತಂದೀನ್ನ ಕರೀರಿ" ಎಂದರು.

ಪುರೋಹಿತರಿಗೆ ದನಿ ಬದಲಿಸಿದ್ದರ ನೆನಪೇ ಇಲ್ಲ. "ಅಪ್ಪ ಹೋಗಿ ಹತ್ತು ವರ್ಷ ಆಯ್ತಲ್ಲ!"

ಧಾರವಾಡದವರು ದಬಕ್ಕನೆ ಅವರ ಕಾಲಿಗೆ ಬಿದ್ದರು. "ಹಂಗಾದ್ರ ನಮ್ಮಪ್ಪಾರು ಅವರಿಗೆ ಅಲ್ಲೇ ಭೆಟ್ಟಿ ಆಗಿರಬೇಕಲ್ರೀ, ಹೆಂಗದಾರಂತ ಒಂಚೂರು ಕೇಳ್ರಿ!"