ಸಣ್ಣ ಪಾತ್ರೆ ಮೊದಲು

ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳಾದ ನಮ್ಮ ಉರಿಗಾಂ ಲೈನಿನ ಕದಿರಪ್ಪ ಬಿ.ಕಾಂ.ನಲ್ಲಿ ಉತ್ಪಾದನಾ ನಿರ್ವಹಣೆ ಓದತೊಡಗಿದ ಅರವತ್ನಾಲ್ಕರ ಜೂನಿನಿಂದ ಹಲ್ಲುಜ್ಜುವುದಕ್ಕೂ ನಕ್ಷೆ ಬರೆದಿದ್ದಾನೆ; ಮುದ್ದೆಯನ್ನು ಗಡಿಯಾರ ನೋಡಿಯೇ ನುಂಗುತ್ತಾನೆ. “ಎಲ್ಲಕ್ಕೂ ಒಂದು ಕ್ರಮ ಬೇಕು” ಎಂಬುದು ಅವನ ಪಲ್ಲವಿ. ಬೇತಮಂಗಲದ ಕೆರೆಯ ನೀರು ದಿನಕ್ಕೊಂದೇ ಗಂಟೆ ಬರುವ ಬೀದಿಯ ನಲ್ಲಿಗೂ ಅವನು ಪುಸ್ತಕದ ನಿಯಮವನ್ನು ತಂದ: ಸಣ್ಣ ಕೆಲಸ ಮೊದಲು, ಅಂದರೆ ಸಣ್ಣ ಪಾತ್ರೆ ಮೊದಲು. ಮರುದಿನ ಹೆಂಗಸರೆಲ್ಲ ಕೊಡಗಳನ್ನು ಮನೆಯಲ್ಲಿಟ್ಟು ಚೊಂಬು ಹಿಡಿದು ಬಂದರು; ತುಂಬಿಸಿ, ಮನೆಯಲ್ಲಿ ಸುರಿದು, ಮತ್ತೆ ಓಡಿಬಂದರು. “ನಿನ್ ಓದಿಗೆ ಬೆಂಕಿ ಆಕ, ಕಾಲೆಲ್ಲಾ ಬಿದ್ದೋದ್ವು ಕಣ್ಲಾ!” ಎಂದಳು ಪಕ್ಕದ ಮನೆಯ ಮುನಿಶಾಮಮ್ಮ. ದೊಡ್ಡ ಕೊಡವನ್ನೇ ತಂದು, ನಿಯಮದಂತೆ ನೀರು ನಿಲ್ಲುವವರೆಗೂ ಸಾಲಿನ ಕೊನೆಯಲ್ಲಿ ಕಾದು ನಿಂತದ್ದು ಅವನ ತಾಯಿ ಆದಿಲಕ್ಷ್ಮಮ್ಮ ಮಾತ್ರ. “ನೀನೂ ಚೊಂಬು ತರಬಾರ್ದೇನಮ್ಮಾ?” ಎಂದು ಅವನು ರೇಗಿದರೆ, ಆಕೆ ಖಾಲಿ ಕೊಡವನ್ನು ಸೊಂಟಕ್ಕೇರಿಸಿ, “ಒಬ್ರಾದ್ರೂ ನಿನ್ ಪಾಠ ಕೇಳ್ಬೇಕಲ್ಲಪ್ಪಾ” ಎಂದಳು.